ಕಾಲ ಬದಲಾದಾಗ ಉಬ್ಬಸ ಏಕೆ?

ಮಾಗಿಯ ಚಳಿ. ಬೆಳಗಿನ ಐದೂವರೆ ಗಂಟೆ. ಮಾರತ್ತಹಳ್ಳಿ ಸೇತುವೆಯ ಹತ್ತಿರ ಇನ್ನೂ ಕತ್ತಲು. ಬೀದಿ ಗುಡಿಸುವ ಅಕ್ಕಂದಿರು ಪೊರಕೆ ಹಿಡಿದು ಬಂದಿದ್ದಾರೆ. ಮನೆಗೆಲಸಕ್ಕೆ ಹೋಗುವವರು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಾರೆ.

ಅವರಲ್ಲಿ ಒಬ್ಬಾಕೆ ನಡುದಾರಿಯಲ್ಲೇ ನಿಲ್ಲುತ್ತಾಳೆ. ಎದೆ ಬಿಗಿಯುತ್ತೆ. ಉಸಿರು ಬಿಡುವಾಗ ಸುಂಯ್ ಸುಂಯ್ ಅಂತ ಸದ್ದು. ಜೊತೆಯವಳು ಕೇಳಿದರೆ, "ಚಳಿಗೆ ಹೀಗೇ ಕಣಕ್ಕ. ಬೇಸಿಗೆ ಬಂದ್ರೆ ಸರಿಹೋಗುತ್ತೆ" ಅನ್ನುತ್ತಾಳೆ.

ಬೇಸಿಗೆ ಬರುತ್ತೆ. ಗುಡುಗು ಸಿಡಿಲಿನ ಮಳೆ ಬರುತ್ತೆ. ಆಗಲೂ ಉಬ್ಬಸ! ಹಾಗಾದರೆ ತಪ್ಪು ಬರೀ ಚಳಿಯದೇ?

ಇಂಥವರು ನಿಮ್ಮ ಮನೆಯಲ್ಲೂ ಇರಬಹುದು. ನಿಮಗೇ ಇರಬಹುದು. ಬನ್ನಿ, ಇದನ್ನು ತಿಳಿಯೋಣ.

ಉಬ್ಬಸ ಅಂದರೆ ಏನು?

ಉಬ್ಬಸವನ್ನು ಕೆಲವರು ದಮ್ಮು ಅಂತಾರೆ, ಕೆಲವರು ಗೂರಲು ಅಂತಾರೆ. ವೈದ್ಯರು ಆಸ್ತಮಾ ಅಂತಾರೆ.

ನಮ್ಮ ಎದೆಯೊಳಗೆ ಗಾಳಿ ಹೋಗಿ ಬರುವ ಕೊಳವೆಗಳಿವೆ. ಉಬ್ಬಸ ಇರುವವರಲ್ಲಿ ಈ ಕೊಳವೆಗಳ ಒಳಗೋಡೆ ಊದಿಕೊಂಡಿರುತ್ತೆ. ಬೇರೆಯವರಿಗೆ ಏನೂ ಅನ್ನಿಸದ ಹೊಗೆ, ದೂಳು, ತಣ್ಣನೆ ಗಾಳಿ ಇವರಿಗೆ ತಡೆಯುವುದಿಲ್ಲ. ಕೊಳವೆ ಬಿಗಿದುಕೊಳ್ಳುತ್ತೆ. ಒಳಗೆ ಕಫ ತುಂಬುತ್ತೆ. ದಾರಿ ಕಿರಿದಾಗುತ್ತೆ. ಅದಕ್ಕೇ ಆ ಸುಂಯ್ ಸದ್ದು.

ಇದು ಅಂಟುರೋಗ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಹರಡುವುದಿಲ್ಲ.

ಚಳಿಗಾಲದಲ್ಲಿ ಏನಾಗುತ್ತೆ?

ಬೆಂಗಳೂರು ಎತ್ತರದ ಊರು. ಸಮುದ್ರಕ್ಕಿಂತ ಸುಮಾರು 900 ಮೀಟರು ಮೇಲಿದೆ. ಡಿಸೆಂಬರ್, ಜನವರಿಯ ರಾತ್ರಿ ಇಲ್ಲಿ ಶಾಖ ಸುಮಾರು 15 ಡಿಗ್ರಿಗೆ ಇಳಿಯುತ್ತೆ. ಕೆಲವು ದಿನ ಇನ್ನೂ ಕಡಿಮೆ.

ನಮ್ಮ ಮೂಗು ಒಂದು ಜರಡಿ ಇದ್ದ ಹಾಗೆ. ದೂಳನ್ನು ತಡೆಯುತ್ತೆ. ಗಾಳಿಯನ್ನು ಬೆಚ್ಚಗೆ ಮಾಡಿ ಒಳಗೆ ಬಿಡುತ್ತೆ. ಆದರೆ ಬೇಗ ನಡೆದಾಗ, ಭಾರ ಹೊತ್ತಾಗ ನಾವು ಬಾಯಿಯಿಂದ ಉಸಿರೆಳೆಯುತ್ತೇವೆ. ಆಗ ತಣ್ಣನೆಯ ಒಣಗಾಳಿ ನೇರವಾಗಿ ಎದೆಗೆ ಇಳಿಯುತ್ತೆ. ಕೊಳವೆಯ ಒಳಗೋಡೆ ಒಣಗುತ್ತೆ. ಕೊಳವೆ ಬಿಗಿಯುತ್ತೆ.

ಚಳಿಗಾಲದ ಇನ್ನೊಂದು ಕಾಟ ಹೊಗೆ. ಬಿಸಿ ಗಾಳಿ ಹಗುರ, ಮೇಲಕ್ಕೆ ಹೋಗುತ್ತೆ. ತಣ್ಣನೆ ಗಾಳಿ ಭಾರ, ನೆಲದ ಮೇಲೇ ಕೂರುತ್ತೆ. ಚಳಿಯ ಬೆಳಗಿನಲ್ಲಿ ಊರಿಗೆ ಮುಚ್ಚಳ ಹಾಕಿದ ಹಾಗೆ ಆಗುತ್ತೆ. ಬಸ್ಸು, ಲಾರಿಯ ಹೊಗೆ, ಕಸ ಸುಟ್ಟ ಹೊಗೆ ಎಲ್ಲಾ ಅದರಡಿ ಸಿಕ್ಕಿಕೊಳ್ಳುತ್ತೆ. ನಮ್ಮ ಮೂಗಿನ ಮಟ್ಟದಲ್ಲೇ ನಿಲ್ಲುತ್ತೆ.

2018ರ ಜನವರಿ 19ರಂದು ನಮ್ಮ ಪಕ್ಕದ ಬೆಳ್ಳಂದೂರು ಕೆರೆಯ ಹುಲ್ಲಿಗೆ ಬೆಂಕಿ ಹತ್ತಿತು. ಸೈನಿಕರೂ ಬಂದು ಆರಿಸಬೇಕಾಯಿತು. ಇಂಥ ಹೊಗೆ ಎದ್ದ ದಿನ ಉಬ್ಬಸದವರು ಮನೆಯ ಕಿಟಕಿ ಬಾಗಿಲು ಮುಚ್ಚಿಕೊಂಡು ಒಳಗಿರುವುದು ಲೇಸು.

ಮಳೆಗಾಲದಲ್ಲಿ ಏನಾಗುತ್ತೆ?

ಏಪ್ರಿಲ್ ತಿಂಗಳು. ಬಿಸಿಲು 34 ಡಿಗ್ರಿ ದಾಟುತ್ತೆ. ನೆಲ ಒಣಗಿ ದೂಳು ಏಳುತ್ತೆ. ಆಮೇಲೆ ಅಶ್ವಿನಿ, ಭರಣಿ ಮಳೆ. ಮಳೆಗೆ ದೂಳು ಅಡಗಿತು, ಇನ್ನು ನೆಮ್ಮದಿ ಅಂತೀವಿ. ಎಲ್ಲಾ ಸಲ ಹಾಗಲ್ಲ.

ಹೂವಿನ ಪರಾಗ ಗೊತ್ತಲ್ಲ? ಹೂ ಮುಟ್ಟಿದರೆ ಕೈಗೆ ಹತ್ತುವ ಹಳದಿ ಪುಡಿ. ಹುಲ್ಲಿನ ಪರಾಗ ಗಾಳಿಯಲ್ಲಿ ತೇಲುತ್ತಿರುತ್ತೆ. ಗುಡುಗು ಮಳೆ ಬಂದಾಗ ಅದು ನೆನೆದು ಒಡೆಯುತ್ತೆ, ಸಣ್ಣ ಸಣ್ಣ ಚೂರಾಗುತ್ತೆ. ಬಿರುಗಾಳಿ ಆ ಚೂರನ್ನು ಮೂಗಿಗೆ ತರುತ್ತೆ. ಜರಡಿಯಲ್ಲಿ ನಿಲ್ಲದಷ್ಟು ಸಣ್ಣ ಚೂರು. ನೇರವಾಗಿ ಎದೆಗೆ ಹೋಗುತ್ತೆ.

ಹೀಗೂ ಉಂಟೇ ಅಂತೀರಾ? ಆಸ್ಟ್ರೇಲಿಯಾ ದೇಶದ ಮೆಲ್ಬರ್ನ್ ನಗರದಲ್ಲಿ 2016ರ ನವೆಂಬರ್ 21ರಂದು ಹೀಗೇ ಆಯಿತು. ಹಗಲೆಲ್ಲ ಬಿಸಿಲು, ಸಂಜೆ ಗುಡುಗು. ಸಾವಿರಾರು ಜನ ಉಸಿರು ಸಿಗದೆ ಆಸ್ಪತ್ರೆಗೆ ಓಡಿದರು. 10 ಜನ ತೀರಿಕೊಂಡರು. ಆದ್ದರಿಂದ ಗುಡುಗು ಶುರುವಾದರೆ ಉಬ್ಬಸದವರು ಮನೆಯೊಳಗೆ ಬರಬೇಕು. ಕಿಟಕಿ ಮುಚ್ಚಬೇಕು.

ನಮ್ಮ ಖಾಲಿ ಸೈಟುಗಳಲ್ಲಿ ಬಿಳಿ ಹೂವಿನ ಕಾಂಗ್ರೆಸ್ ಗಿಡ ಮಳೆ ಬಿದ್ದ ಕೂಡಲೇ ಎದ್ದು ನಿಲ್ಲುತ್ತೆ. ಅದರ ಪರಾಗವೂ ಹಲವರಿಗೆ ಆಗುವುದಿಲ್ಲ. ಹೂ ಬಿಡುವ ಮೊದಲೇ ಅದನ್ನು ಕೀಳಬೇಕು. ಕೈಗೆ ಚೀಲ ಕಟ್ಟಿಕೊಳ್ಳಿ. ಉಬ್ಬಸ ಇರುವವರು ಕೀಳಲು ಹೋಗಬೇಡಿ, ಬೇರೆಯವರಿಗೆ ಹೇಳಿ.

ಜಡಿ ಮಳೆಯಲ್ಲಿ ಗೋಡೆಗೆ ಬೂಷ್ಟು ಹಿಡಿಯುತ್ತೆ. ಹಾಸಿಗೆ ತೇವವಾಗುತ್ತೆ. ಅದರಲ್ಲಿ ಕಣ್ಣಿಗೆ ಕಾಣದ ದೂಳುಹುಳ ಬೆಳೆಯುತ್ತೆ. ಮಳೆಗಾಲ, ಚಳಿಗಾಲ ಎರಡರಲ್ಲೂ ನೆಗಡಿ ಮನೆಯಿಂದ ಮನೆಗೆ ಹರಡುತ್ತೆ. ಉಬ್ಬಸ ಕೆರಳಿಸುವುದರಲ್ಲಿ ನೆಗಡಿಯೇ ಮುಂದು.

ಚಳಿ ಹಳೆಯದು, ಹೊಗೆ ಹೊಸದು

ಹಲಸೂರು ಕೆರೆಯ ಹತ್ತಿರ ಲೇಕ್‌ಸೈಡ್ ಎಂಬ ಮಕ್ಕಳ ಆಸ್ಪತ್ರೆ ಇದೆ. ಅಲ್ಲಿಯ ಡಾ. ಎಚ್. ಪರಮೇಶ್ ಅವರು ಬೆಂಗಳೂರಿನ ಮಕ್ಕಳ ಉಬ್ಬಸದ ಲೆಕ್ಕ ಇಟ್ಟರು. ಒಂದು ವರ್ಷದ್ದಲ್ಲ, ಇಪ್ಪತ್ತು ವರ್ಷದ ಲೆಕ್ಕ. 1979ರಲ್ಲಿ ಅವರು ನೋಡಿದ ನೂರು ಮಕ್ಕಳಲ್ಲಿ 9 ಮಕ್ಕಳಿಗೆ ಉಬ್ಬಸ ಇತ್ತು. 1999ರಲ್ಲಿ ಅದು ನೂರಕ್ಕೆ 29 ದಾಟಿತ್ತು. ಅಂದರೆ ಮೂರು ಪಾಲು!

ಆ ಇಪ್ಪತ್ತು ವರ್ಷದಲ್ಲಿ ಚಳಿ ಮೂರು ಪಾಲು ಆಯಿತೇ? ಇಲ್ಲ. ವಾಹನ ಹೆಚ್ಚಿತು. ಹೊಗೆ ಹೆಚ್ಚಿತು. ಜನಸಂದಣಿ ಹೆಚ್ಚಿತು. ಚಳಿ, ಮಳೆ, ಗಾಳಿಯನ್ನು ನಾವು ತಡೆಯಲಾರೆವು. ಹೊಗೆಯನ್ನು ಕಡಿಮೆ ಮಾಡಬಹುದು. ಕಾಲ ಬರುವ ಮೊದಲೇ ಸಿದ್ಧವಾಗಿಯೂ ಇರಬಹುದು.

ನಾವು ಏನು ಮಾಡಬಹುದು?

ಚಳಿಯಲ್ಲಿ ಹೊರಗೆ ಹೋಗುವಾಗ ಮೂಗು ಬಾಯಿಗೆ ಸೆರಗು ಅಥವಾ ಹತ್ತಿಬಟ್ಟೆ ಕಟ್ಟಿಕೊಳ್ಳಿ. ಒಳಗೆ ಹೋಗುವ ಗಾಳಿ ಬೆಚ್ಚಗಾಗುತ್ತೆ.

ಗುಡಿಸುವ ಮೊದಲು ನೆಲಕ್ಕೆ ನೀರು ಚಿಮುಕಿಸಿ.

ಎಲೆ, ಕಸ, ಪ್ಲಾಸ್ಟಿಕ್ ಸುಡಬೇಡಿ. ಚಳಿ ಕಾಯಿಸಲು ಟೈರು ಸುಡುವವರಿಗೂ ತಿಳಿಸಿ ಹೇಳಿ.

ಸೌದೆ ಒಲೆಯ ಹೊಗೆ, ಬೀಡಿ ಹೊಗೆ, ಸೊಳ್ಳೆಬತ್ತಿ, ಊದುಬತ್ತಿ ಇವೆಲ್ಲ ಎದೆಗೆ ಕೆಟ್ಟದ್ದು. ದೀಪಾವಳಿಯ ಪಟಾಕಿಯೂ ಅಷ್ಟೇ.

ಬಿಸಿಲು ಬಂದ ದಿನ ಹಾಸಿಗೆ ಹೊದಿಕೆ ಒಣಗಿಸಿ.

ಪಂಪಿಗೆ ಹೆದರಬೇಡಿ

"ಪಂಪು ಹಿಡಿದರೆ ಅಭ್ಯಾಸ ಆಗಿಬಿಡುತ್ತೆ." "ಮದುವೆ ಆಗೋ ಹುಡುಗಿ, ಯಾರಿಗೂ ಕಾಣಬಾರದು." ಈ ಮಾತು ನೀವೂ ಕೇಳಿದ್ದೀರಿ. ಇದು ತಪ್ಪು. ಪಂಪಿನ ಮದ್ದು ಚಟ ಅಲ್ಲ. ಮಾತ್ರೆಯ ಮದ್ದು ಮೈಯೆಲ್ಲಾ ಸುತ್ತುತ್ತೆ. ಪಂಪಿನ ಮದ್ದು ಬಲು ಸ್ವಲ್ಪ, ಹೆಚ್ಚಿನ ಪಾಲು ಬೇಕಾದ ಜಾಗಕ್ಕೇ ಹೋಗುತ್ತೆ.

ಪಂಪಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬಿಗಿದ ಕೊಳವೆಯನ್ನು ಕೂಡಲೇ ಸಡಿಲಿಸುತ್ತೆ. ಇನ್ನೊಂದು ಒಳಗಿನ ಊತವನ್ನು ಇಳಿಸುತ್ತೆ. ಎರಡೂ ಕೂಡಿದ ಪಂಪೂ ಉಂಟು. ಊತ ಇಳಿಸುವ ಮದ್ದನ್ನು ಚೆನ್ನಾಗಿರುವಾಗಲೂ ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು. ಬಸುರಿಯರು ಹೆದರಿ ತಾವೇ ಮದ್ದು ನಿಲ್ಲಿಸಬಾರದು. ತಾಯಿಗೆ ಉಸಿರು ಸಿಕ್ಕರೇ ಮಗುವಿಗೂ ಉಸಿರು.

ಮೃಗಶಿರ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಉಬ್ಬಸಕ್ಕೆ ಮೀನಿನ ಮದ್ದು ನುಂಗಿಸುತ್ತಾರೆ. ನಮ್ಮ ಕಡೆಯವರೂ ಹೋಗುತ್ತಾರೆ. ಅದರಿಂದ ಉಬ್ಬಸ ವಾಸಿಯಾಗುತ್ತೆ ಅಂತ ವಿಜ್ಞಾನದಲ್ಲಿ ಸಾಬೀತಾಗಿಲ್ಲ. ಅದನ್ನು ನಂಬಿ ಪಂಪು ಬಿಟ್ಟರೆ ಜೀವಕ್ಕೇ ಅಪಾಯ.

ನಿಮ್ಮ ಅಕ್ಷರ, ನಿಮ್ಮ ಉಸಿರು

ಈಗ ನಿಮಗೆ ಬರೆಯಲು ಬರುತ್ತೆ. ಗೋಡೆಯ ಕ್ಯಾಲೆಂಡರ್ ನೋಡಿ. ಉಬ್ಬಸ ಬಂದ ದಿನ ‘ಉ’ ಅಂತ ಬರೆಯಿರಿ. ರಾತ್ರಿ ಎದ್ದು ಕೂತಿದ್ದರೆ ‘ರಾ’ ಅಂತ ಬರೆಯಿರಿ. ಪಕ್ಕದಲ್ಲಿ ಚಳಿ, ಮಳೆ, ದೂಳು, ಹೊಗೆ, ನೆಗಡಿ, ಯಾವುದೋ ಅದನ್ನು ಬರೆಯಿರಿ.

ಒಂದು ವರ್ಷ ಬರೆದರೆ ನಿಮ್ಮ ಕೆಟ್ಟ ಕಾಲ ಯಾವುದು ಅಂತ ನಿಮಗೇ ಕಾಣುತ್ತೆ. ಒಬ್ಬರಿಗೆ ಮಾಗಿ, ಇನ್ನೊಬ್ಬರಿಗೆ ಆಷಾಢದ ಗಾಳಿ. ಆ ಕಾಲಕ್ಕೆ ಒಂದು ತಿಂಗಳು ಮೊದಲೇ ಕ್ಯಾಲೆಂಡರ್ ಹಿಡಿದು ವೈದ್ಯರ ಹತ್ತಿರ ಹೋಗಿ. ಇಂದಿರಾನಗರದಲ್ಲಿ ಸರ್ ಸಿ.ವಿ. ರಾಮನ್ ಸರ್ಕಾರಿ ಆಸ್ಪತ್ರೆ ಇದೆ. ಕೆ.ಆರ್. ಪುರದಲ್ಲೂ ಸರ್ಕಾರಿ ಆಸ್ಪತ್ರೆ ಇದೆ.

ವಾರದಲ್ಲಿ ಎರಡು ದಿನಕ್ಕಿಂತ ಹೆಚ್ಚು ಉಬ್ಬಸ ಬಂದರೆ, ರಾತ್ರಿ ನಿದ್ದೆ ಕೆಟ್ಟರೆ ಈಗಿನ ಮದ್ದು ಸಾಲುತ್ತಿಲ್ಲ ಅಂತ ಅರ್ಥ. ತಡ ಮಾಡಬೇಡಿ.

ಈ ಗುರುತು ಕಂಡರೆ ಕೂಡಲೇ 108ಕ್ಕೆ ಫೋನು ಮಾಡಿ:

ಒಂದು ಮಾತು ಪೂರ್ತಿ ಆಡಲಾಗದು.
ತುಟಿ, ಉಗುರು ನೀಲಿಯಾಗುತ್ತೆ.
ಉಸಿರೆಳೆದಾಗ ಪಕ್ಕೆ, ಕತ್ತು ಒಳಕ್ಕೆ ಹೋಗುತ್ತೆ.
ಪಂಪು ಹಾಕಿದರೂ ಉಸಿರು ಇಳಿಯದು.

ಅವರನ್ನು ಮಲಗಿಸಬೇಡಿ. ನೆಟ್ಟಗೆ ಕೂರಿಸಿ. ಸುತ್ತ ಜನ ಕವಿಯದ ಹಾಗೆ ನೋಡಿ. ಗಾಡಿ ಬರುವವರೆಗೂ ವೈದ್ಯರು ಹೇಳಿಕೊಟ್ಟ ಹಾಗೆ ಪಂಪು ಕೊಡುತ್ತಿರಿ.

ಮುಂಜಾನೆ ಸೇತುವೆಯ ಹತ್ತಿರ ನಿಂತ ಆ ಅಕ್ಕ ಕೆಲಸ ಬಿಡಬೇಕಾಗಿಲ್ಲ. ಊರು ಬಿಡಬೇಕಾಗಿಲ್ಲ. ಅವಳ ಮೂಗಿಗೆ ಸೆರಗಿರಲಿ, ಚೀಲದಲ್ಲಿ ಪಂಪಿರಲಿ, ಗೋಡೆಯ ಮೇಲೆ ಅವಳೇ ಬರೆದ ಲೆಕ್ಕ ಇರಲಿ.

ಇದನ್ನು ನೀವು ಓದಿದಿರಿ. ಓದಲು ಬಾರದ ಪಕ್ಕದ ಮನೆಯವರಿಗೂ ಓದಿ ಹೇಳಿ.