ಕಾರಿಗೆ ಜ್ವರವೋ, ಥರ್ಮಾಮೀಟರಿಗೋ?

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಕಾರು ರಿಪೇರಿಯ ಮಾತೇಕೆ ಅಂತ ಕೆಲವರು ಹುಬ್ಬೇರಿಸಬಹುದು. ಮುಂಬಯಿಯಲ್ಲಿ ಟ್ಯಾಕ್ಸಿ, ಟೂರಿಸ್ಟ್ ಗಾಡಿಗಳ ಸಂಪಾದನೆಯಿಂದಲೇ ಒಲೆ ಉರಿಯುವ ಕನ್ನಡಿಗರ ಮನೆಗಳೂ ಇವೆಯೆಂದು ನೆನೆದರೆ ಏರಿದ ಹುಬ್ಬು ಇಳಿದೀತು. ನಾನು ಓದುವುದು ಕಾಮರ್ಸು. ಆದರೆ ಈ ವಿಷಯದಲ್ಲಿ ಅರ್ಧ ಇಂಜಿನ್ನಿದ್ದರೆ ಇನ್ನರ್ಧ ಲೆಕ್ಕವಿದೆ. ಕೆಲವು ನೂರು ರೂಪಾಯಿಯ ಸಣ್ಣ ಭಾಗವೊಂದರ ತಕರಾರಿಗೆ ಸಾವಿರಾರು ರೂಪಾಯಿಯ ದೊಡ್ಡ ಭಾಗಗಳನ್ನು ಬಿಚ್ಚಿಸಿಕೊಳ್ಳುವುದು ಹಳೇ ಗಾಡಿಯವರಿಗೆ ಮಾಮೂಲಾಗಿಬಿಟ್ಟಿದೆ. ಅದನ್ನು ತಪ್ಪಿಸುವ ಬಗೆ ಇಷ್ಟೆ: ಇಂಜಿನ್ನಿಗೆ ಬಂದ ಕಾಯಿಲೆ ಯಾವುದು, ಕಾಯಿಲೆಯ ಸುದ್ದಿ ತರುವವನಿಗೆ ಬಂದ ಕಾಯಿಲೆ ಯಾವುದು ಅಂತ ಮೊದಲು ಬೇರೆ ಮಾಡಿಕೊಳ್ಳಬೇಕು.

ಇಂಜಿನ್ನಿನ ಸುತ್ತ ಹರಿಯುವ ನೀರು, ಅಂದರೆ ಕೂಲೆಂಟು, ಎಷ್ಟು ಕಾದಿದೆ ಎಂದು ಹೇಳುವುದು ಹೆಬ್ಬೆರಳಿನಷ್ಟು ಗಾತ್ರದ ಒಂದು ಸೆನ್ಸರು. ಅದರೊಳಗಿರುವುದು ಥರ್ಮಿಸ್ಟರ್. ತಂತಿ ಕಾದಷ್ಟೂ ವಿದ್ಯುತ್ತಿಗೆ ಅದರ ತಡೆ ಹೆಚ್ಚುತ್ತದೆ ಎಂದು ನಾವು ಹೈಸ್ಕೂಲಿನಲ್ಲಿ ಉರುಹೊಡೆದಿದ್ದೇವಲ್ಲ, ಇದು ತದ್ವಿರುದ್ಧ. ಕಾದಷ್ಟೂ ತಡೆ ಇಳಿಯುತ್ತದೆ. ಬಹಳ ಬಳಕೆಯಲ್ಲಿರುವ ಒಂದು ಜಾತಿಯ ಸೆನ್ಸರಿನಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 60 ಡಿಗ್ರಿಗೆ ಸುಮಾರು 600, 80ಕ್ಕೆ ಸುಮಾರು 300, 100ಕ್ಕೆ 200ಕ್ಕಿಂತ ಕಡಿಮೆ. ಈ ಅಂಕಿಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ಹಿಂದೆ ಈ ಸುದ್ದಿ ಹೋಗುತ್ತಿದ್ದದ್ದು ಡ್ರೈವರನಿಗೆ ಮಾತ್ರ. ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿದ ಪ್ರೀಮಿಯರ್ ಪದ್ಮಿನಿಯನ್ನು ನೆನೆಯಿರಿ. ನಮ್ಮ ಕಾಲೀ-ಪೀಲೀ ಎಂದರೆ ಅದೇ ಆಗಿತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡ್‌ದೇವ್ ಆರ್.ಟಿ.ಓ.ನಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ 30ರಿಂದ ಅದು ರಸ್ತೆಗಿಳಿಯಲಿಲ್ಲ. ಆ ಗಾಡಿಯಲ್ಲಿ ಇದ್ದದ್ದು ಕಾರ್ಬುರೇಟರ್. ಬೆಳಿಗ್ಗೆ ಇಂಜಿನ್ ತಣ್ಣಗಿದ್ದರೆ ಚೋಕ್ ಎಳೆದು ಪೆಟ್ರೋಲ್ ಹೆಚ್ಚು ಕೊಡಬೇಕು, ಕಾದ ಮೇಲೆ ಒತ್ತಿಬಿಡಬೇಕು ಅಂತ ಡ್ರೈವರನ ಕೈಗೇ ಗೊತ್ತಿತ್ತು. 2000ದ ಆಸುಪಾಸಿನಲ್ಲಿ ಹೊಗೆಯ ಕಾನೂನು ಬಿಗಿಯಾಗಿ ಇಂಜೆಕ್ಷನ್ ಗಾಡಿಗಳು ಬಂದಾಗ ಆ ಕೈಯ ಕೆಲಸ ಒಂದು ಪುಟ್ಟ ಕಂಪ್ಯೂಟರಿಗೆ ಹೋಯಿತು. ಪಾಪ, ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ. ಸೆನ್ಸರು ಹೇಳಿದ್ದೇ ವೇದವಾಕ್ಯ.

ಇಲ್ಲಿ ಎಷ್ಟೋ ಜನ ದಾರಿ ತಪ್ಪುವ ಜಾಗವೊಂದಿದೆ. ಆ ಕಾಲದ ಅನೇಕ ಗಾಡಿಗಳಲ್ಲಿ ಸೆನ್ಸರುಗಳು ಎರಡು. ಒಂದು ಡ್ಯಾಶ್‌ಬೋರ್ಡಿನ ಮುಳ್ಳಿಗೆ, ಇನ್ನೊಂದು ಕಂಪ್ಯೂಟರಿಗೆ. ಒಂದು ಕೆಟ್ಟರೆ ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ.

ಮುಳ್ಳಿನದು ಸುಲಭ. ಅದು ಸದಾ ಕೆಂಪಿನಲ್ಲೇ ನಿಂತಿದೆ, ಆದರೆ ಹಬೆಯಿಲ್ಲ, ವಾಸನೆಯಿಲ್ಲ, ಇಂಜಿನ್ನಿನ ಶಕ್ತಿ ಕುಂದಿಲ್ಲ ಎನ್ನಿ. ಹಾಗೆಂದು ಕೂಡಲೇ ಸೆನ್ಸರನ್ನು ಬೈಯಬೇಡಿ. ಇಂಜಿನ್ ಪೂರ್ತಿ ಆರಿದ ಮೇಲೆ ಮುಚ್ಚಳ ತೆಗೆದು ಮೊದಲು ನೀರಿನ ಮಟ್ಟ ನೋಡಬೇಕು. (ಬಿಸಿ ಇರುವಾಗ ತೆಗೆದರೆ ಮುಖವೇ ಬೆಂದುಹೋದೀತು. ಖೋಪೋಲಿ ಘಾಟಿನಲ್ಲಿ ಬಾನೆಟ್ ಎತ್ತಿ ನಿಂತವರು ಅವಸರದಲ್ಲಿ ಮಾಡುವುದು ಇದನ್ನೇ.) ನೀರು ಸರಿಯಿದ್ದರೆ ಚಾವಿ ಹಾಕಿ ಸೆನ್ಸರಿನ ತಂತಿ ಕಿತ್ತು ನೋಡಿ. ಮುಳ್ಳು ತಣ್ಣನೆಯ ಕಡೆಗೆ ಬಿದ್ದರೆ ಮುಳ್ಳೂ ತಂತಿಯೂ ಸರಿ, ಸೆನ್ಸರಿನ ಮೇಲೆಯೇ ಅನುಮಾನ. ಬೀಳದಿದ್ದರೆ ತಂತಿ ಎಲ್ಲೋ ಬಾಡಿಗೆ ತಗಲಿದೆ. ಸದಾ ತಣ್ಣಗೇ ಮಲಗಿರುವ ಮುಳ್ಳಾದರೆ ಆ ತಂತಿಯನ್ನು ಸಣ್ಣ ಬಲ್ಬಿನ ಮೂಲಕ ಒಂದು ಕ್ಷಣ ಇಂಜಿನ್ನಿಗೆ ಮುಟ್ಟಿಸಿ, ಮುಳ್ಳು ಏಳಬೇಕು. ನೀರು ತೀರಾ ಕಡಿಮೆಯಿದ್ದರಂತೂ ಸೆನ್ಸರು ಬರೀ ಗಾಳಿಯಲ್ಲಿ ತೂಗುತ್ತಿರುತ್ತದೆ. ಇಂಜಿನ್ ಬೇಯುತ್ತಿದ್ದರೂ ಮುಳ್ಳು ತೆಪ್ಪಗಿರುತ್ತದೆ. ನನ್ನನ್ನು ಕೇಳಿದರೆ ಕೆಂಪು ಮುಳ್ಳಿಗಿಂತ ಇದೇ ಹೆಚ್ಚು ಅಪಾಯ.

ಕಂಪ್ಯೂಟರಿನ ಸೆನ್ಸರಿನದು ಮಾತ್ರ ಕಳ್ಳ ಕಾಯಿಲೆ. ತಂತಿ ಪೂರಾ ಕಡಿದುಹೋದರೆ ಕಂಪ್ಯೂಟರಿಗೆ ಗೊತ್ತಾಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತುತ್ತದೆ. ಅರ್ಧ ಸುಳ್ಳು ಹೇಳಿದರೆ ಗೊತ್ತಾಗುವುದಿಲ್ಲ. 80 ಡಿಗ್ರಿ ಇರುವಾಗ 60 ಅಂದರೆ ‘ಇನ್ನೂ ಕಾದಿಲ್ಲ’ ಅಂತ ಅದು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್ಗು, ಬಿಸಿಯಾಗಿದ್ದಾಗ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ತಕರಾರು, ಪಿ.ಯು.ಸಿ.ಯಲ್ಲಿ ನಪಾಸು. ಇಂಗ್ಲಿಷ್ ಪುಸ್ತಕಗಳಲ್ಲಿ ಮೊದಲ ಲಕ್ಷಣವೆಂದು ಬರೆದಿರುವುದು ‘ಚಳಿಯ ಮುಂಜಾನೆ ಸ್ಟಾರ್ಟ್ ಆಗದು’ ಎಂದು. ಅವರ ಚಳಿ ನಮ್ಮಲ್ಲಿ ಎಲ್ಲಿಂದ ಬರಬೇಕು! ಮುಂಬಯಿಯಲ್ಲಿ ಈ ಕಾಯಿಲೆ ಮೊದಲು ಕಾಣುವುದು ಪೆಟ್ರೋಲ್ ಬಿಲ್ಲಿನಲ್ಲಿ.

ಲೆಕ್ಕ ನೋಡಿ. ಲೀಟರಿಗೆ 15 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 12ಕ್ಕೆ ಇಳಿದರೆ ಸಾವಿರ ಕಿಲೋಮೀಟರಿಗೆ 16 ಲೀಟರಿಗೂ ಮೀರಿ ಹೆಚ್ಚು ಬೇಕು. ಮುಂಬಯಿಯಲ್ಲಿ ಪೆಟ್ರೋಲ್ 100 ರೂಪಾಯಿ ದಾಟಿದ್ದು 2021ರ ಮೇ ತಿಂಗಳಲ್ಲಿ. 100 ಎಂದೇ ಹಿಡಿದರೂ 1,600 ರೂಪಾಯಿಗೆ ಮೇಲೆ ಹೊಗೆಯಾಗಿ ಹೋಯಿತು.

ಡೊಂಬಿವಲಿಯಲ್ಲಿರುವ ನನ್ನ ಮಾವನ 2004ರ ಗಾಡಿಯಲ್ಲಿ ಆದದ್ದು ಇದೇ. ಮುಳ್ಳು ಮಾತ್ರ ಸಭ್ಯನಂತೆ ನಡುವಿನಲ್ಲೇ ನಿಂತಿತ್ತು. ಗ್ಯಾರೇಜೊಂದರಲ್ಲಿ ಪ್ಲಗ್ಗು ಬದಲಾಯಿತು, ಇಂಜೆಕ್ಟರು ತೊಳೆದದ್ದಾಯಿತು, ಕೊನೆಗೆ ‘ಇಂಜಿನ್ ಬಿಚ್ಚೋಣ’ ಎಂಬಲ್ಲಿಗೆ ಬಂತು. ಮಾವ ಗಾಡಿ ಮಾರುವ ಮಾತಾಡತೊಡಗಿದರು. ಲ್ಯಾಮಿಂಗ್ಟನ್ ರೋಡಿನಿಂದ ಒಂದು ಸಾಧಾರಣ ಮಲ್ಟಿಮೀಟರ್ ತಂದೆವು. ಬೆಳಿಗ್ಗೆ ತಣ್ಣಗಿರುವಾಗ ಅಳೆದರೆ ಸೆನ್ಸರು ಸರಿ. ಅದರ ತಂತಿಯ ಇನ್ನೊಂದು ತುದಿ, ಅಂದರೆ ಕಂಪ್ಯೂಟರಿನ ಪ್ಲಗ್ಗಿನ ಬಳಿ (ಬ್ಯಾಟರಿ ಬಿಡಿಸಿಯೇ) ಅಳೆದರೂ ಹೆಚ್ಚು ವ್ಯತ್ಯಾಸವಿಲ್ಲ. ಗಾಡಿ ಅರ್ಧ ಗಂಟೆ ಓಡಿಸಿ ತಂದು ಮತ್ತೆ ಅಳೆದೆವು. ಸೆನ್ಸರಿನ ಕಡ್ಡಿಗಳಲ್ಲಿ 310 ಓಮ್, ತಂತಿಯ ತುದಿಯಲ್ಲಿ 600! ನಡುವೆ 300 ಓಮ್ ಎಲ್ಲಿಂದ ಬಂತು? ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು.

ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ. ಅದೇ 300 ಓಮ್ ಬೆಳಿಗ್ಗೆಯೂ ಅಲ್ಲಿಯೇ ಇತ್ತು. ಆದರೆ 2,000ಕ್ಕೆ 300 ಸೇರಿದರೆ ತಪ್ಪು ನಾಲ್ಕೈದು ಡಿಗ್ರಿ ಮಾತ್ರ. 300ಕ್ಕೆ 300 ಸೇರಿದರೆ 80 ಡಿಗ್ರಿ 60 ಆಗಿಬಿಡುತ್ತದೆ. ಆದ್ದರಿಂದ ತಣ್ಣಗಿರುವಾಗ ಮಾತ್ರ ಪರೀಕ್ಷೆ ಮಾಡುವವರಿಗೆ ಈ ಕಳ್ಳ ಸಿಗುವುದೇ ಇಲ್ಲ. ತುಕ್ಕು ತಡೆಯನ್ನು ಕೂಡಿಸುತ್ತದೆಯೇ ಹೊರತು ಕಳೆಯುವುದಿಲ್ಲ, ಹಾಗಾಗಿ ಅದು ಹೇಳುವ ಸುಳ್ಳು ಯಾವಾಗಲೂ ‘ತಂಪು’ ಎಂಬ ಕಡೆಗೇ. ಇಲ್ಲಿಯ ಉಪ್ಪುಗಾಳಿ, ಹಿಂದ್‌ಮಾತಾ, ಮಿಲನ್ ಸಬ್‌ವೇಗಳ ಮಳೆಗಾಲದ ಕೆರೆಗಳು ಇವುಗಳ ನಡುವೆ ಇಪ್ಪತ್ತು ವರ್ಷ ಓಡಿದ ಗಾಡಿಯಲ್ಲಿ ಸೆನ್ಸರಿಗಿಂತ ಮೊದಲು ಕನೆಕ್ಟರನ್ನು ನೋಡುವುದೇ ಸರಿ ಅಂತ ನನ್ನ ಎಣಿಕೆ. ಮಾವನ ಗಾಡಿಗೆ ಹೊಸ ಕನೆಕ್ಟರ್ ಹಾಕಿದ್ದಷ್ಟೆ, ಸೆನ್ಸರು ಹಳೆಯದೇ ಇದೆ.

ಸೆನ್ಸರಿನ ಮೇಲೆಯೇ ಅನುಮಾನವಿದ್ದರೆ ಕಳಚಿ, ಅದರ ತುದಿಯನ್ನು ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಸ್ಟವ್ ಮೇಲೆ ಕಾಯಿಸುತ್ತ ಅಳೆಯಬಹುದು. ತಡೆ ಮೆಟ್ಟಿಲಿಳಿದಂತೆ ನಿಧಾನ ಇಳಿಯಬೇಕು, ನಡುವೆ ನೆಗೆಯಬಾರದು. ನಾವು ಸಮುದ್ರದ ದಡದವರಾದ್ದರಿಂದ ಒಂದು ಅನುಕೂಲ: ನೀರು ಕುದಿದರೆ ಅದು 100 ಡಿಗ್ರಿ, ಬೇರೆ ಥರ್ಮಾಮೀಟರ್ ಬೇಡ. ಬೆಂಗಳೂರಿನವರು 97 ಎಂದು ಹಿಡಿಯಬೇಕು.

ಇನ್ನೊಂದು ಮಾತು. ‘ನಮ್ಮ ಸೆಕೆಗೆ ಥರ್ಮೋಸ್ಟಾಟ್ ಬೇಡ’ ಅಂತ ಎಷ್ಟೋ ಮೆಕ್ಯಾನಿಕ್ಕುಗಳು ಅದನ್ನು ತೆಗೆದೇ ಬಿಡ್ತಾರೆ. ಆಗ ಇಂಜಿನ್ ನಿಜವಾಗಿಯೂ ಕಾಯುವುದಿಲ್ಲ, ಸೆನ್ಸರು ಸತ್ಯವನ್ನೇ ಹೇಳಿ ಬೈಸಿಕೊಳ್ಳುತ್ತದೆ. ತಣ್ಣನೆಯ ಇಂಜಿನ್ ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಹೋಸನ್ನು ಆಗಾಗ ಮುಟ್ಟಿ ನೋಡಿ, ಫ್ಯಾನಿನಿಂದ ಕೈ ದೂರವಿರಲಿ. ಬಹಳ ಹೊತ್ತು ತಣ್ಣಗಿದ್ದು ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ಇದೆ. ಮೊದಲಿನಿಂದಲೇ ಮೆಲ್ಲಗೆ ಬೆಚ್ಚಗಾಗುತ್ತ ಬಂದರೆ ಅದು ಇಲ್ಲ, ಇಲ್ಲವೇ ತೆರೆದೇ ಸಿಕ್ಕಿಕೊಂಡಿದೆ.

ಸೆನ್ಸರು ಬದಲಿಸುವುದೇ ಆದರೆ ಇಂಜಿನ್ ಆರಿರುವಾಗ ಮಾಡಿ, ವಾಷರು ಹೊಸದು ಹಾಕಿ. ಒಂದೇ ತಂತಿಯ ಸೆನ್ಸರಿನ ಮರೆಗೆ ಟೆಫ್ಲಾನ್ ಟೇಪು ಸುತ್ತಬೇಡಿ, ಅದರ ಇನ್ನೊಂದು ತಂತಿ ಇಂಜಿನ್ನಿನ ಲೋಹವೇ. ಚೆಲ್ಲಿದಷ್ಟು ಕೂಲೆಂಟ್ ತುಂಬಿ, ಒಳಗಿನ ಗಾಳಿ ಹೋಗುವವರೆಗೆ ಇಂಜಿನ್ ಓಡಿಸಿ, ಫ್ಯಾನು ತಿರುಗುವುದನ್ನು ನೋಡಿಯೇ ಬಾನೆಟ್ ಮುಚ್ಚಿ.