ಸಕಲೇಶಪುರದ ನೆತ್ತಿಯ ಮೇಲೆ ಮೂರು ನಿಮಿಷ

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಭೂಪಟದ ಮೇಲೊಂದು ದಾರ ಬಿಗಿದು ಹಿಡಿಯಿರಿ. ಅದು ಎಲ್ಲಿ ಹಾಯುತ್ತದೆ ನೋಡಿ! ಆಲೂರಿಗೆ ಎಂಟೇ ಕಿಲೋಮೀಟರ್ ಉತ್ತರದಲ್ಲಿ, ಸಕಲೇಶಪುರಕ್ಕೆ ಹತ್ತೇ ಕಿಲೋಮೀಟರ್ ಉತ್ತರದಲ್ಲಿ, ಕಾಫಿ ತೋಟಗಳ ನೆತ್ತಿಯ ಮೇಲೇ!

ದಾರದ ಉದ್ದ ಸುಮಾರು 306 ಕಿ.ಮೀ. ಗಂಟೆಗೆ 800 ಕಿ.ಮೀ. ಓಡಬಲ್ಲ ಜೆಟ್‌ಗೆ ಇದು 23 ನಿಮಿಷದ ದಾರಿ. ಆದರೂ ಟಿಕೆಟ್ಟಿನಲ್ಲಿ ಒಂದು ಗಂಟೆಯ ಆಸುಪಾಸು ಬರೆದಿರುತ್ತದೆ. ಉಳಿದ ಹೊತ್ತು ರನ್‌ವೇವರೆಗೆ ತೆವಳುವುದಕ್ಕೆ, ಮೇಲೇರುವುದಕ್ಕೆ, ಬಜ್ಪೆಯ ಗುಡ್ಡದ ತಲೆಯ ಮೇಲಿರುವ ರನ್‌ವೇಗೆ ಸರಿಯಾಗಿ ಎದುರಾಗುವುದಕ್ಕೆ ಬೇಕು. ಇಷ್ಟು ಚಿಕ್ಕ ದಾರಿಯಲ್ಲಿ ಜೆಟ್ ತನ್ನ ಪೂರ್ತಿ ವೇಗ ತೋರಿಸುವಷ್ಟರಲ್ಲಿ ಇಳಿಯುವ ಹೊತ್ತು ಬಂದೇಬಿಡುತ್ತದೆ. ಬಜ್ಪೆ ನಿಲ್ದಾಣ 1951ರ ಡಿಸೆಂಬರ್ 25ರಂದು ಶುರುವಾದಾಗ ನೆಹರು ಬಂದಿಳಿದದ್ದು ಡಿಸಿ-3 ವಿಮಾನದಲ್ಲಿ. ಗಂಟೆಗೆ ಸುಮಾರು 330 ಕಿ.ಮೀ. ಹಾರುತ್ತಿದ್ದ ಆ ಹಳೆಯ ಪಂಖದ ವಿಮಾನಕ್ಕೂ ಈ ಆಕಾಶ ದಾಟಲು ಹೆಚ್ಚುಕಡಿಮೆ ಒಂದೇ ಗಂಟೆ ಸಾಕಿತ್ತು!

ಇನ್ನೂ ಬೆರಗಿನ ಲೆಕ್ಕವೊಂದಿದೆ. ಪ್ರಯಾಣಿಕರ ವಿಮಾನ ಸಾವಿರ ಅಡಿ ಇಳಿಯಲು ಸುಮಾರು ಐದೂವರೆ ಕಿ.ಮೀ. ಮುಂದೆ ಸಾಗಬೇಕು. 22 ಸಾವಿರ ಅಡಿಯಲ್ಲಿ ಹಾರುತ್ತಿದ್ದರೆ ಇಳಿಜಾರು ಹಿಡಿಯಬೇಕಾದದ್ದು ನಿಲ್ದಾಣ ಇನ್ನೂ 120 ಕಿ.ಮೀ. ದೂರ ಇರುವಾಗಲೇ. ಬಜ್ಪೆಯಿಂದ ಅಷ್ಟು ದೂರ ಅಳೆದು ಬೆರಳಿಡಿ: ಆಲೂರಿನ ಸೀಮೆ! ಬಯಲು ಮುಗಿದು ಅರೆಮಲೆನಾಡು ಆರಂಭವಾಗುವಲ್ಲೇ ವಿಮಾನ ಮೂತಿ ತಗ್ಗಿಸುತ್ತದೆ. ಸ್ವಲ್ಪ ಹೊತ್ತಿಗೆ ಕೆಳಗಿನ ನೆಲವೂ ಘಟ್ಟವಾಗಿ ಕುಸಿದು ಕರಾವಳಿಗೆ ಇಳಿಯತೊಡಗುತ್ತದೆ.

ಅದೇ ಇಳಿಜಾರಿನಲ್ಲಿ ರೈಲಿನ ಪಾಡು ನೋಡಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಹಕ್ಕಿ ಹಾರಿದರೆ 36 ಕಿ.ಮೀ., ಜೆಟ್‌ಗೆ ಮೂರು ನಿಮಿಷವೂ ಬೇಡ. ಹಳಿಯ ಮೇಲೆ ಅದೇ 55 ಕಿ.ಮೀ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ದಾಟುತ್ತ 57 ಸುರಂಗ, 109 ಸೇತುವೆ! ಪ್ರತಿ 50 ಮೀಟರ್ ಓಟಕ್ಕೆ ಒಂದು ಮೀಟರ್ ಇಳಿತ. ಗಂಟೆಗೆ 30 ಕಿ.ಮೀ. ಮೀರುವಂತಿಲ್ಲ, ಹಾಗಾಗಿ ಎರಡು ಗಂಟೆಗೂ ಹೆಚ್ಚು. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ಈ ದಾರಿಯಲ್ಲಿ ಬ್ರಾಡ್ ಗೇಜ್ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ಬಂಡೆ ಕೊರೆದು ಈ ಹಳಿ ಹಾಸಿದವರ ಸಾಹಸ ನನ್ನ ಕಣ್ಣಿಗೆ ಯಾವ ವಿಮಾನಕ್ಕೂ ಕಡಿಮೆಯದಲ್ಲ.

ಆ ಮೂರು ನಿಮಿಷದಲ್ಲಿ ಎಷ್ಟೆಲ್ಲ ಹಿಂದೆ ಸರಿದುಹೋಗುತ್ತದೆ! ಬಿಸಿಲೆಯ ಹತ್ತಿರ ಒಂದು ದಿಣ್ಣೆಯಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಕುಮಾರಧಾರೆ, ನೇತ್ರಾವತಿಗಳ ಮೂಲಕ ಅರಬ್ಬಿ ಸಮುದ್ರಕ್ಕೆ. ಇನ್ನೊಂದು ಮಗ್ಗುಲಿನದು ಹೇಮಾವತಿ, ಕಾವೇರಿಗಳ ಜೊತೆ ಬಂಗಾಳ ಕೊಲ್ಲಿಗೆ. ಮಂಜರಾಬಾದ್ ಕೋಟೆಯೂ ಅದೇ ದಿಕ್ಕಿಗಿದೆ. 1792ರಲ್ಲಿ ಟಿಪ್ಪು ಕಟ್ಟಿಸಿದ ಈ ಕೋಟೆ ಎಂಟು ಮೂಲೆಯ ನಕ್ಷತ್ರ. ಒಳಗೆ ನಿಂತವರಿಗೆ ಗೋಡೆಗಳಷ್ಟೇ ಕಾಣುತ್ತವೆ, ನಕ್ಷತ್ರ ಬಿಡಿಸಿಕೊಳ್ಳುವುದು ಮೇಲಿನಿಂದಲೇ!

ಗಾಳಿ, ಮೋಡ, ನಿಯಂತ್ರಣ ಕೊಠಡಿಯ ಸೂಚನೆಗಳಿಂದ ದಾರಿ ದಿನದಿನಕ್ಕೂ ಆಚೀಚೆ ಸರಿಯುತ್ತದೆ. ಆದರೂ ಬೆಂಗಳೂರಿನಿಂದ ಹೊರಡುವವರು ಎಡಬದಿಯ ಕಿಟಕಿಯನ್ನೇ ಕೇಳಿ ಪಡೆಯಿರಿ, ಕೋಟೆ ಮತ್ತು ಬಿಸಿಲೆ ಇರುವುದು ಆ ಬದಿಗೆ. ಜೂನ್-ಜುಲೈನಲ್ಲಿ ಮೋಡ ಬಿಟ್ಟು ಬೇರೇನೂ ಕಾಣದು. ಮಳೆ ಹಿಂದೆಗೆದು ಗದ್ದೆಗಳಿನ್ನೂ ಹಸಿರಾಗಿರುವ ನವೆಂಬರಿನ ಬೆಳಗಿನ ವಿಮಾನ ಹಿಡಿಯಿರಿ, ಆಲೂರು ಬರುವ ಮೊದಲೇ ಕಿಟಕಿಯ ಪರದೆ ಸರಿಸಿಡಿ.