ಹೊಸ ಕಂಪ್ಯೂಟರ್ ಪದೇ ಪದೇ ನಿಂತುಹೋದರೆ

ಕಳೆದ ವರ್ಷ ರಂಜಾನ್ ತಿಂಗಳ ಕೊನೆಯ ವಾರ. ದುಬೈಯಲ್ಲಿ ಬೆಳಗಿನ ಜಾವ ಐದು ಗಂಟೆ, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಹಿಂದಿನ ದಿನದ ರಾತ್ರಿ ಒಂಬತ್ತು. ಷಾರ್ಲೆಟ್‌ನಲ್ಲಿ ಎಂ.ಎಸ್. ಓದುತ್ತಿರುವ ತಂಗಿಯ ಮಗನ ಫೋನ್ ಬಂತು.

"ಮಾವ, ಕಂಪ್ಯೂಟರ್ ಮತ್ತೆ ನಿಂತುಹೋಯ್ತು. ಈ ವಾರದಲ್ಲಿ ಇದು ಏಳನೇ ಸಲ."

ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ಅವನೇ ಜೋಡಿಸಿದ ಡೆಸ್ಕ್‌ಟಾಪ್ ಅದು. ಅರ್ಧ ಹಣ ನಾನು ಇಲ್ಲಿಂದ ಕಳಿಸಿದ್ದು, ಉಳಿದರ್ಧ ಅವನು ಕಾಲೇಜಿನ ಕ್ಯಾಂಟೀನಿನಲ್ಲಿ ದುಡಿದದ್ದು. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಒಪ್ಪಿಸಲು ಮೂರೇ ವಾರ ಬಾಕಿ. ರಾತ್ರಿಯಿಡೀ ಓಡಬೇಕಾದ ಪ್ರೋಗ್ರಾಮು ನಡುವೆಯೇ ಸತ್ತುಹೋಗುತ್ತಿತ್ತು. ರೂಮಿನ ಗೆಳೆಯರಲ್ಲಿ ಒಬ್ಬ ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆ ಎಂದ, ಇನ್ನೊಬ್ಬ ವಿಂಡೋಸ್ ಮತ್ತೆ ಹಾಕು ಎಂದ. ಹುಡುಗ ಕ್ರೆಡಿಟ್ ಕಾರ್ಡಿನಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಟಿದ್ದ.

"ಮಾರಾಯ, ನಾಲ್ಕು ದಿನ ತಡಿ. ಒಂದು ನೋಟ್‌ಬುಕ್ ತಗೋ" ಎಂದೆ.

ಬರ್ ದುಬೈಯ ಖಾಲಿದ್ ಬಿನ್ ವಲೀದ್ ರಸ್ತೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಹಿಡಿದು ನನ್ನ ಗಲ್ಫ್ ಜೀವನ ಶುರುವಾದದ್ದು. ಅಲ್ಲಿ ಕಲಿತ ಮೊದಲ ಪಾಠ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು. ಮೂರು ಒಟ್ಟಿಗೆ ಬದಲಿಸಿ ಸರಿಯಾದರೂ ಯಾವುದು ಕೆಟ್ಟಿತ್ತೆಂದು ಗೊತ್ತಾಗುವುದಿಲ್ಲ.

ಮೊದಲು ವಿಂಡೋಸಿನ ಈವೆಂಟ್ ವ್ಯೂವರ್ ತೆರೆಸಿದೆ. ಅಲ್ಲಿ 'ಕರ್ನಲ್ ಪವರ್ 41' ಎಂಬ ಕೆಂಪು ಸಾಲುಗಳಿದ್ದವು. ಅದನ್ನು ಕಂಡು ಹಲವರು ಪವರ್ ಸಪ್ಲೈ ಹೋಯಿತೆಂದು ತಿಳಿಯುತ್ತಾರೆ. ನಿಜಕ್ಕೂ ಆ ಸಾಲು ಹೇಳುವುದು ಇಷ್ಟೇ: ಯಂತ್ರ ಕ್ರಮವಾಗಿ ಮುಚ್ಚದೆ ನಿಂತಿತ್ತು. ಏಕೆ ಎಂದು ಹೇಳುವುದಿಲ್ಲ. ಆಮೇಲೆ ತಾನಾಗಿ ರೀಸ್ಟಾರ್ಟ್ ಆಗುವ ವ್ಯವಸ್ಥೆಯನ್ನು ಆಫ್ ಮಾಡಿಸಿದೆ. ಆಗ ನೀಲಿ ಪರದೆ ಕಣ್ಣೆದುರು ನಿಂತಿತು. ಪ್ರತಿ ಸಲವೂ ಬೇರೆ ಬೇರೆ ಸಂಕೇತ. ಒಂದೇ ಡ್ರೈವರಿನ ದೋಷವಾದರೆ ಸಾಮಾನ್ಯವಾಗಿ ಒಂದೇ ಹೆಸರು ಮರುಕಳಿಸುತ್ತದೆ. ಹೀಗೆ ದಿಕ್ಕು ಬದಲಿಸುತ್ತಿದ್ದರೆ ಮೊದಲ ಸಂಶಯ ಮೆಮೊರಿಯ ಮೇಲೆ.

ಆದರೂ ಸುಲಭದ್ದನ್ನು ಮೊದಲು ನೋಡಿದೆವು. ಪ್ರೊಸೆಸರಿನ ಬಿಸಿ ಮಿತಿಯೊಳಗೇ ಇತ್ತು. ಕೇಬಲ್ಲುಗಳನ್ನು ಕಳಚಿ ಗಟ್ಟಿಯಾಗಿ ಸಿಕ್ಕಿಸಿದ. ಬಯೋಸ್ ಹೊಸದಾಗಿಸಿದ. ಮೂರಕ್ಕೂ ಜಗ್ಗಲಿಲ್ಲ.

ಮುಂದಿನದು ಎಕ್ಸ್‌ಎಂಪಿ. ಮೆಮೊರಿ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ ವೇಗ ಅದರ ಸಹಜ ವೇಗವಲ್ಲ. ಡಿಡಿಆರ್5 ಮೆಮೊರಿ 6000 ಎಂದು ಬರೆದಿದ್ದರೂ ಎಕ್ಸ್‌ಎಂಪಿ ಹಾಕದಿದ್ದರೆ ಸಾಮಾನ್ಯವಾಗಿ 4800ರಂಥ ಕಡಿಮೆ ವೇಗದಲ್ಲಿ ಓಡುತ್ತದೆ. ಎಕ್ಸ್‌ಎಂಪಿ ಎಂದರೆ ಒಂದು ರೀತಿಯ ಓವರ್‌ಕ್ಲಾಕಿಂಗ್. ಅದನ್ನು ತೆಗೆಸಿದಾಗ ದಿನಕ್ಕೊಮ್ಮೆ ಸಾಯುತ್ತಿದ್ದ ಯಂತ್ರ ಎರಡು ದಿನಕ್ಕೊಮ್ಮೆ ಸತ್ತಿತು. ಕಡಿಮೆಯಾಯಿತು, ವಾಸಿಯಾಗಲಿಲ್ಲ.

ಕೊನೆಗೆ ಮೆಮ್‌ಟೆಸ್ಟ್86. ಯುಎಸ್‌ಬಿಗೆ ಹಾಕಿ, ವಿಂಡೋಸ್ ಇಲ್ಲದೆ ಅದರಿಂದಲೇ ಬೂಟ್ ಮಾಡಿ ರಾತ್ರಿ ಬಿಟ್ಟ. ಬೆಳಗ್ಗೆ ಪರದೆಯ ತುಂಬ ಕೆಂಪು. ಎರಡು ಮೆಮೊರಿ ಪಟ್ಟಿಗಳಲ್ಲಿ ಒಂದನ್ನೇ ಇಟ್ಟು ಪರೀಕ್ಷಿಸಿದ, ತಪ್ಪಿಲ್ಲ. ಅದೇ ಸ್ಲಾಟಿನಲ್ಲಿ ಇನ್ನೊಂದನ್ನು ಇಟ್ಟ, ಮತ್ತೆ ಕೆಂಪು. ಒಳ್ಳೆಯ ಪಟ್ಟಿಯನ್ನು ಎರಡನೇ ಸ್ಲಾಟಿಗೂ ಹಾಕಿ ನೋಡಿದ, ಅಲ್ಲೂ ತಪ್ಪಿಲ್ಲ. ಅಂದರೆ ಮದರ್‌ಬೋರ್ಡಿನ ಸ್ಲಾಟುಗಳು ಸರಿ ಇವೆ, ಕೆಟ್ಟದ್ದು ಒಂದು ಪಟ್ಟಿ ಮಾತ್ರ.

ಬಿಲ್ ಇತ್ತು, ಪೆಟ್ಟಿಗೆ ಇತ್ತು. ಜೋಡಿಯಾಗಿ ಕೊಂಡದ್ದರಿಂದ ಅಂಗಡಿಯವರು ಎರಡನ್ನೂ ಬದಲಿಸಿದರು. ಖರ್ಚು ಸೊನ್ನೆ. ಅವನು ಕೊಳ್ಳಲು ಹೊರಟಿದ್ದ ಗ್ರಾಫಿಕ್ಸ್ ಕಾರ್ಡಿನ ಬೆಲೆ ನನ್ನ ಒಂದು ತಿಂಗಳ ಮನೆ ಬಾಡಿಗೆಯನ್ನೂ ಮೀರುತ್ತಿತ್ತು!

ಹೀಗೆ ದಾರಿ ತಪ್ಪುವುದು ಹುಡುಗರು ಮಾತ್ರ ಅಲ್ಲ. ಷಾರ್ಲೆಟ್‌ನಿಂದ ಎರಡೂವರೆ ಮೂರು ಗಂಟೆ ಕಾರಿನ ದಾರಿಯಲ್ಲಿ, ರಾಲಿ ನಗರದ ಪಕ್ಕದ ಕ್ಯಾರಿಯಲ್ಲಿ ಎಪಿಕ್ ಗೇಮ್ಸ್ ಕಂಪನಿಯ ಮುಖ್ಯ ಕಚೇರಿ ಇದೆ. ಅವರ ಅನ್‌ರಿಯಲ್ ಎಂಜಿನ್ ಬಳಸಿದ ಆಟಗಳು ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಶಕ್ತಿಶಾಲಿ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಹಠಾತ್ತನೆ ನಿಲ್ಲುತ್ತಿದ್ದವು. ಪರದೆಯ ಮೇಲೆ ಬರುತ್ತಿದ್ದ ಸಂದೇಶ, 'ವಿಡಿಯೋ ಮೆಮೊರಿ ಸಾಲದು'. ಓದಿದವರಿಗೆ ಗ್ರಾಫಿಕ್ಸ್ ಕಾರ್ಡಿನ ಮೇಲೆಯೇ ಸಂಶಯ. ಆದರೆ ಎಪಿಕ್ 2021ರಲ್ಲಿ ಕೊಂಡ ರ‍್ಯಾಡ್ ತಂಡ 2024ರಲ್ಲಿ ವಿವರಿಸಿದ್ದು ಬೇರೆ: ಅವರ ಊಡಲ್ ತಂತ್ರಾಂಶ ಡೇಟಾ ಬಿಚ್ಚುವಾಗ ಪ್ರೊಸೆಸರೇ ಲೆಕ್ಕ ತಪ್ಪುತ್ತಿತ್ತು.

2024ರ ಜುಲೈಯಲ್ಲಿ ಇಂಟೆಲ್, ಪ್ರೊಸೆಸರಿಗೆ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಹೋಗುತ್ತಿದೆ ಎಂದು ಒಪ್ಪಿತು. ಆಗಸ್ಟಿನಲ್ಲಿ 0ಎಕ್ಸ್129, ಸೆಪ್ಟೆಂಬರಿನಲ್ಲಿ 0ಎಕ್ಸ್12ಬಿ ಎಂಬ ಮೈಕ್ರೋಕೋಡುಗಳು ಬಯೋಸ್ ಅಪ್‌ಡೇಟ್ ಮೂಲಕ ಬಂದವು. ಬಾಧಿತ ಪ್ರೊಸೆಸರುಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಲಾಯಿತು. ಈಗಾಗಲೇ ಹಾಳಾದ ಪ್ರೊಸೆಸರನ್ನು ಅಪ್‌ಡೇಟ್ ಸರಿಮಾಡಲಾರದು, ಅದನ್ನು ಬದಲಿಸಿಕೊಳ್ಳಬೇಕು. ನಿಮ್ಮಲ್ಲಿ ಆ ಪೀಳಿಗೆಯ ಡೆಸ್ಕ್‌ಟಾಪ್ ಇದ್ದರೆ ಇಂದೇ ಬಯೋಸ್ ನೋಡಿ.

ನಮ್ಮ ಗಲ್ಫ್ ಮಂದಿಗೆ ಇನ್ನೆರಡು ಮಾತು. ಅಮೆರಿಕದಿಂದ ಬರುವವರ ಕೈಯಲ್ಲಿ ಬಿಡಿಭಾಗ ತರಿಸುವ ಮೊದಲು ವಾರಂಟಿ ಇಲ್ಲಿ ನಡೆಯುತ್ತದೆಯೇ ಕೇಳಿ. ಅಲ್ಲಿ ಕರೆಂಟು 120 ವೋಲ್ಟ್, ದುಬೈಯಲ್ಲಿ 230. ಈಗಿನ ಬಹುತೇಕ ಪವರ್ ಸಪ್ಲೈಗಳು ಎರಡಕ್ಕೂ ಹೊಂದುತ್ತವೆ, ಆದರೂ ಲೇಬಲ್ ಓದಿಯೇ ಪ್ಲಗ್ ಹಾಕಿ. ಹಳೆಯ ಮಾದರಿಯ ಹಿಂಭಾಗದ ಕೆಂಪು ಸ್ವಿಚ್ 115ರಲ್ಲಿದ್ದರೆ ಇಲ್ಲಿ ಒಂದೇ ಕ್ಷಣದಲ್ಲಿ ಸುಟ್ಟುಹೋದೀತು. ಬೇರೆ ಪವರ್ ಸಪ್ಲೈಯ ಕೇಬಲ್ಲನ್ನು ಸರಿಹೊಂದುತ್ತದೆಂದು ಸಿಕ್ಕಿಸಬೇಡಿ, ತಂತಿಗಳ ಕ್ರಮ ಬೇರೆ ಇರಬಹುದು. ಮರಳಿನ ಧೂಳಿನಿಂದ ಫಿಲ್ಟರ್ ಕಟ್ಟದಂತೆ ಆಗಾಗ ಶುಚಿ ಮಾಡಿ.

ಪ್ರಾಜೆಕ್ಟು ಕೊನೆಯ ದಿನಕ್ಕೆ ಎರಡು ದಿನ ಮೊದಲೇ ಮುಗಿಯಿತು. ಮೇ ತಿಂಗಳಲ್ಲಿ ಅವನು ಕಪ್ಪು ಗೌನು ಹಾಕಿ ನಿಂತದ್ದನ್ನು ತಂಗಿ ಕುಂದಾಪುರದಲ್ಲಿ, ನಾನು ದುಬೈಯ ಡ್ಯೂಟಿಯ ನಡುವೆ, ಫೋನಿನಲ್ಲೇ ನೋಡಿದೆವು. ಆ ನೋಟ್‌ಬುಕ್ಕನ್ನು ಅವನು ಎಸೆದಿಲ್ಲ. ಈಗ ರೂಮಿನ ಗೆಳೆಯರ ಕಂಪ್ಯೂಟರ್ ಕೆಟ್ಟರೆ ಅವನನ್ನೇ ಕರೆಯುತ್ತಾರಂತೆ. ಹೋದ ಕೂಡಲೇ ಕೇಳುವ ಮೊದಲ ಪ್ರಶ್ನೆ, "ಕೊನೆಗೆ ಏನು ಬದಲಿಸಿದೆ?"